ಬೀಗದ ಕೈ

ಹಳ್ಳಿಯಲ್ಲಿ ಒಬ್ಬ ನಿವೃತ್ತ ಮೇಷ್ಟ್ರು ಸಿಕ್ಕಿದನೆಂದರೆ ಊರಿನವರಿಗೆ ದೊಡ್ಡ ಅನುಕೂಲ. ಸೊಸೈಟಿಗೆ ಅರ್ಜಿ ಬರೆಯುವುದರಿಂದ ಹಿಡಿದು ಮದುವೆಯ ಕರೆಯೋಲೆಯ ಕಾಗುಣಿತ ತಿದ್ದುವವರೆಗೆ ಎಲ್ಲದಕ್ಕೂ ಅವನೇ ಆಗುತ್ತಾನೆ. ಸಂಬಳವಿಲ್ಲ, ರಜೆಯೂ ಇಲ್ಲ. ಹೀಗಿರುವಾಗ ಆ ಮೇಷ್ಟ್ರ ಮನೆಯಲ್ಲಿ ಒಂದು ಕಂಪ್ಯೂಟರೂ ಇದೆ ಎಂದಾದರೆ ಕೇಳುವುದೇ ಬೇಡ. 2006ರಲ್ಲಿ ನಮ್ಮೂರ ಶಾಲೆಗೆ ನೂರು ವರ್ಷ ತುಂಬಿತು. ಸಭೆ ಸೇರಿತು. ಚಪ್ಪರಕ್ಕೊಬ್ಬರು, ಊಟಕ್ಕೊಬ್ಬರು, ಮೈಕಿಗೊಬ್ಬರು ಎಂದು ಕೆಲಸ ಹಂಚಿಕೊಂಡರು. ಸ್ಮರಣ ಸಂಚಿಕೆ ಎಂಬ ಮಾತು ಬಂದಾಗ ಎಲ್ಲರೂ ನನ್ನ ಕಡೆ ನೋಡಿದರು. ನಾನು ಹಿಂದಕ್ಕೆ ತಿರುಗಿ ನೋಡಿದೆ. ಹಿಂದೆ ಗೋಡೆ ಇತ್ತು.

ನಮ್ಮದು ಸಾಗರ ಸೀಮೆಯ ಒಂದು ಮೂಲೆ. ಅಡಿಕೆ, ಮಳೆ ಮತ್ತು ಒರಲೆ ಈ ಮೂರಕ್ಕೆ ಇಲ್ಲಿ ಕೊರತೆಯಿಲ್ಲ. ಶಾಲೆಯ ಹಳೆಯ ದಾಖಲಾತಿ ಪುಸ್ತಕಗಳನ್ನು ಮೂರನೆಯದು ಎಂದೋ ತಿಂದು ಮುಗಿಸಿತ್ತು. ಹಾಗಾಗಿ ಶಾಲೆಯ ಮೊದಲ ನಲವತ್ತು ವರ್ಷಗಳ ಕಥೆ ಇದ್ದದ್ದು ನಾಲ್ಕೈದು ಮುದುಕರ ತಲೆಯಲ್ಲಿ ಮಾತ್ರ. ಅವರಲ್ಲಿ ಹಿರಿಯಳು ಕೆಳಗಿನಮನೆಯ ಅಜ್ಜಿ. ಆಗ ಎಂಬತ್ತೊಂಬತ್ತು ವರ್ಷ. ಶಾಲೆಯ ಮೊದಲ ಹುಡುಗಿ ತಾನೇ ಎಂದು ಅವಳು ಹೇಳುತ್ತಿದ್ದಳು. ಅಲ್ಲವೆನ್ನಲು ಯಾರೂ ಉಳಿದಿರಲಿಲ್ಲ. ತಮ್ಮನನ್ನು ಸೊಂಟದ ಮೇಲೆ ಎತ್ತಿಕೊಂಡು ಬಂದು ಶಾಲೆಗೆ ಬಿಟ್ಟು, ಹೊರಗಿನ ಜಗಲಿಯಲ್ಲಿ ಕುಳಿತು, ಒಳಗೆ ಹೇಳಿಕೊಟ್ಟದ್ದನ್ನು ಅಂಗಳದ ಮಣ್ಣಿನ ಮೇಲೆ ಕಡ್ಡಿಯಿಂದ ಬರೆಯುತ್ತಿದ್ದಳಂತೆ. ಒಂದು ದಿನ ಮೇಷ್ಟ್ರು ಉಗುಳಲು ಹೊರಗೆ ಬಂದವರು ಅದನ್ನು ನೋಡಿದರು. ‘ಎಲೆ ಅಡಿಕೆ ತಿನ್ನದ ಮೇಷ್ಟ್ರಾಗಿದ್ದರೆ ನಾನು ಹೆಬ್ಬೆಟ್ಟೇ ಒತ್ತುತ್ತಿದ್ದೆ’ ಎಂದು ಅಜ್ಜಿ ನಗುತ್ತಿದ್ದಳು. ನಾಲ್ಕು ಸಂಜೆ ಅವಳ ಎದುರು ಕುಳಿತು ಇಪ್ಪತ್ತೆರಡು ಹಾಳೆ ಬರೆದುಕೊಂಡೆ. ಆ ವರ್ಷದ ಮಳೆಗಾಲ ಮುಗಿಯುವುದರೊಳಗೆ ಅಜ್ಜಿ ತೀರಿಕೊಂಡಳು.

ಬರೆದದ್ದನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಕೆಲಸವೂ ನನ್ನದೇ ಆಯಿತು. ನಿವೃತ್ತಿಯ ಹಣದಲ್ಲಿ ಕೊಂಡ ಯಂತ್ರ. ವಿಂಡೋಸ್ ಎಕ್ಸ್‌ಪಿ ಹಾಕಿಸಿದ್ದೆ. ಕನ್ನಡಕ್ಕೆ ಗಣಕ ಪರಿಷತ್ತಿನ ‘ನುಡಿ’. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ಜಾಣತನವನ್ನು ಎಷ್ಟು ಹೊಗಳಿದರೂ ಸಾಲದು. ಇಪ್ಪತ್ತಾರು ಇಂಗ್ಲಿಷ್ ಕೀಲಿಗಳೊಳಗೇ ನಮ್ಮ ಇಡೀ ವರ್ಣಮಾಲೆಯನ್ನು ಅಡಗಿಸಿಟ್ಟಿದ್ದಾರೆ. ಒತ್ತಕ್ಷರ ಬೇಕೆಂದರೆ ನಡುವೆ ಎಫ್ ಒತ್ತಬೇಕು. ಮೂವತ್ತೈದು ವರ್ಷ ಮಕ್ಕಳಿಗೆ ಒತ್ತಕ್ಷರ ಕಲಿಸಿದವನು ಅರವತ್ತರ ಮೇಲೆ ಎರಡೇ ಬೆರಳಿನಲ್ಲಿ ಮತ್ತೆ ಒತ್ತಕ್ಷರ ಕಲಿತೆ.

ಇಲ್ಲಿ ಒಂದು ತಪ್ಪೊಪ್ಪಿಗೆ ಮಾಡಿಬಿಡಬೇಕು. ಒಂದೊಂದು ಲೇಖನವೂ ಕಂಪ್ಯೂಟರಿನೊಳಗೆ ಹೋದ ಮೇಲೆ ಅದರ ಹಸ್ತಪ್ರತಿಯನ್ನು ನಾನೇ ಒಯ್ದು ಬಚ್ಚಲೊಲೆಯ ಪಕ್ಕದ ಬುಟ್ಟಿಗೆ ಹಾಕುತ್ತಿದ್ದೆ. ಮಳೆಗಾಲದಲ್ಲಿ ಒದ್ದೆ ಕಟ್ಟಿಗೆಗೆ ಬೆಂಕಿ ಹಿಡಿಸಲು ಒಣಕಾಗದಕ್ಕಿಂತ ಒಳ್ಳೆಯದು ಯಾವುದಿದೆ? ‘ಇದು ಬೇಡವಾ?’ ಎಂದು ನನ್ನ ಹೆಂಡತಿ ಒಂದೆರಡು ಬಾರಿ ಕೇಳಿದ್ದಳು. ‘ಎಲ್ಲ ಒಳಗೆ ಹೋಗಿದೆ, ಇನ್ನು ಕಾಗದದ ಕಾಲ ಮುಗಿಯಿತು’ ಎಂದು ದೊಡ್ಡದಾಗಿ ಹೇಳಿದ್ದೆ. ಅಜ್ಜಿಯ ಇಪ್ಪತ್ತೆರಡು ಹಾಳೆಯಲ್ಲಿ ಎರಡು ದಿನದ ಸ್ನಾನದ ನೀರು ಕಾಯಿತು.

ನವೆಂಬರಿನಲ್ಲಿ ನೆಂಟರ ಕಡೆ ಒಂದು ಮದುವೆ ಬಂತು. ಹೊರಡುವ ಹಿಂದಿನ ಸಂಜೆ, ಹಬ್ಬಕ್ಕೆ ಮನೆ ಚೊಕ್ಕಟ ಮಾಡುವ ಹಾಗೆ ಕಂಪ್ಯೂಟರಿನೊಳಗಿನ ಹಾಳುಮೂಳನ್ನೆಲ್ಲ ಅಳಿಸಿ, ಅದರ ಕಸದ ಬುಟ್ಟಿಯನ್ನೂ ಬರಿದು ಮಾಡಿ, ಆರಿಸಿ, ಧೂಳು ಕೂರದಂತೆ ಹಳೇ ಪಂಚೆ ಹೊದೆಸಿ ಹೋದೆವು. ಮೂರು ದಿನ ಬಿಟ್ಟು ಬಂದು ಸ್ವಿಚ್ಚು ಹಾಕಿದೆ. ಎಂದಿನಂತೆ ‘ಕುಂಯ್’ ಎಂದಿತು. ಎಂದಿನ ಬಣ್ಣದ ಬಾವುಟ ಮಾತ್ರ ಬರಲಿಲ್ಲ. ಕಪ್ಪು ಪರದೆಯ ಮೇಲೆ ಬೆಳ್ಳಗೆ ಎರಡು ಸಾಲು: ‘ಎನ್‌ಟಿಎಲ್‌ಡಿಆರ್ ಈಸ್ ಮಿಸ್ಸಿಂಗ್. ಪ್ರೆಸ್ ಕಂಟ್ರೋಲ್ ಆಲ್ಟ್ ಡೆಲ್ ಟು ರೀಸ್ಟಾರ್ಟ್.’

ಹೇಳಿದ ಮೂರೂ ಕೀಲಿ ಒತ್ತಿದೆ. ಮತ್ತೆ ‘ಕುಂಯ್’, ಮತ್ತೆ ಅದೇ ಎರಡು ಸಾಲು. ಹತ್ತು ಸಲ ಒತ್ತಿರಬಹುದು. ಹತ್ತು ಸಲವೂ ಅದು ತಾಳ್ಮೆಗೆಡದೆ ಅದನ್ನೇ ಹೇಳಿತು. ಮಿಸ್ಸಿಂಗ್ ಎಂಬುದರ ಅರ್ಥ ಗೊತ್ತಿತ್ತು. ಏನು ಕಾಣೆಯಾಗಿದೆ ಎಂಬುದು ಗೊತ್ತಿರಲಿಲ್ಲ. ಮನಸ್ಸು ಕೆಟ್ಟದ್ದನ್ನೇ ಮೊದಲು ಊಹಿಸುವುದರಿಂದ, ಕಾಣೆಯಾದದ್ದು ಅಜ್ಜಿಯೇ ಎಂದುಕೊಂಡೆ. ಮುದ್ರಣಕ್ಕೆ ಕೊಡಲು ಇನ್ನು ಹತ್ತೇ ದಿನ ಉಳಿದಿತ್ತು.

ಮರುದಿನ ಸಿಪಿಯು ಎಂದು ನಾವು ಕರೆಯುವ ಆ ಪೆಟ್ಟಿಗೆಯನ್ನು ಕಂಬಳಿಯಲ್ಲಿ ಸುತ್ತಿ, ಬೆಳಗಿನ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಪೇಟೆಗೆ ಹೋದೆ. ‘ಮಗು ಎಷ್ಟು ತಿಂಗಳದ್ದು ಮೇಷ್ಟ್ರೇ?’ ಎಂದು ಕಂಡಕ್ಟರು ತಮಾಷೆ ಮಾಡಿದ. ನನಗೆ ನಗು ಬರಲಿಲ್ಲ. ರಿಪೇರಿ ಅಂಗಡಿಯ ಹುಡುಗ ಒಳ್ಳೆಯವನು. ಹಿಂದೊಮ್ಮೆ ಪೆನ್‌ಡ್ರೈವಿನಿಂದ ವೈರಸ್ಸು ಅಂಟಿದಾಗ ಮನೆಗೇ ಬಂದು ತೆಗೆದುಕೊಟ್ಟಿದ್ದ. ಪರದೆ ನೋಡಿದವನೇ, ‘ಫಾರ್ಮ್ಯಾಟ್ ಹೊಡೀಬೇಕು ಸರ್. ಸಂಜೆ ಬನ್ನಿ, ಹೊಸದರ ಥರ ಆಗಿರುತ್ತೆ’ ಎಂದ.

‘ಒಳಗಿರೋದು?’

‘ಸಿ ಡ್ರೈವಲ್ಲಿರೋದು ಹೋಗುತ್ತೆ. ನಿಮ್ಮ ಫೈಲೆಲ್ಲ ಡಿ ಯಲ್ಲಿ ತಾನೆ?’

‘ಮೈ ಡಾಕ್ಯುಮೆಂಟ್ಸ್‌ನಲ್ಲಿ.’

‘ಅಯ್ಯೋ, ಅದು ಸಿ ನೇ ಸರ್.’

ಅವನ ಹಿಂದೆ ಗೋಡೆಯ ಬುಡದಲ್ಲಿ ಹನ್ನೊಂದು ಪೆಟ್ಟಿಗೆಗಳು ಸಾಲಾಗಿ ಕುಳಿತಿದ್ದವು. ಎಲ್ಲವಕ್ಕೂ ಅದೇ ಔಷಧ ಇರಬೇಕು. ಒಂದೊಂದರ ಕಾಯಿಲೆಯನ್ನೂ ಕೂತು ವಿಚಾರಿಸುತ್ತಿದ್ದರೆ ಅವನ ಅಂಗಡಿ ನಡೆಯುವುದು ಹೇಗೆ? ನಾನು ಏನೂ ಹೇಳದೆ ಪೆಟ್ಟಿಗೆಗೆ ಮತ್ತೆ ಕಂಬಳಿ ಸುತ್ತಿ ಮಧ್ಯಾಹ್ನದ ಬಸ್ಸಿಗೆ ವಾಪಸು ಬಂದೆ.

ಆ ಸಂಜೆಯೇ ಅಜ್ಜಿಯ ಮಗಳು ಬರಬೇಕೇ! ಆಕೆಯನ್ನು ಹೊಸನಗರದ ಕಡೆ ಕೊಟ್ಟಿದೆ. ತವರಿಗೆ ಬಂದವರು ನಮ್ಮಲ್ಲಿಗೂ ಬಂದರು. ಕಾಫಿ ಕುಡಿದು, ಲೋಟ ಕೆಳಗಿಟ್ಟು, ‘ಮೇಷ್ಟ್ರೇ, ಅಮ್ಮ ಹೇಳಿದ್ದನ್ನ ನೀವು ಬರೆದುಕೊಂಡಿದ್ರಂತೆ. ಒಂದ್ಸಲ ಓದಬಹುದಿತ್ತಾ? ಅವಳು ನಮಗೆ ಅದನ್ನೆಲ್ಲ ಹೇಳಿದ್ದೇ ಇಲ್ಲ. ನಾವೂ ಕೇಳಲಿಲ್ಲ’ ಎಂದರು. ನಾನು, ‘ಕರಡು ತಿದ್ದುತ್ತಾ ಇದ್ದೇನೆ. ಇನ್ನೊಂದು ವಾರದಲ್ಲಿ ಕೊಡುತ್ತೇನೆ’ ಎಂದೆ. ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಮೂರೂವರೆ ದಶಕ ಪಾಠ ಹೇಳಿದ ಬಾಯಿ ಅದು. ಒಳಗಿನಿಂದ ನನ್ನ ಹೆಂಡತಿ ಏನೂ ಮಾತಾಡಲಿಲ್ಲ. ಬಚ್ಚಲ ಕಡೆ ಒಮ್ಮೆ ನೋಡಿದಳು, ಅಷ್ಟೆ. ಅದಕ್ಕಿಂತ ಬೈದಿದ್ದರೆ ವಾಸಿಯಿತ್ತು.

ರಾತ್ರಿ ಮೈಸೂರಿನಲ್ಲಿದ್ದ ತಂಗಿಯ ಮಗಳಿಗೆ ಫೋನು ಮಾಡಿದೆ. ಅವಳು ಕಂಪ್ಯೂಟರ್ ಕೆಲಸದಲ್ಲಿದ್ದವಳು. ನಾನು ಗಾಬರಿಯಲ್ಲಿ ಹೇಳಿದ್ದನ್ನೆಲ್ಲ ಕೇಳಿ, ‘ಮಾವ, ಮೊದಲು ಪರದೆ ಮೇಲೆ ಏನಿದೆಯೋ ಅದನ್ನ ಒಂದಕ್ಷರ ಬಿಡದೆ ಓದಿ’ ಎಂದಳು. ಓದಿದೆ. ‘ಫ್ಲಾಪಿ ಏನಾದ್ರೂ ಒಳಗೇ ಬಿಟ್ಟಿದ್ದೀರಾ? ಕೆಲವು ಸಲ ಯಂತ್ರ ಅದರಲ್ಲಿ ಹುಡುಕಿ ಇಲ್ಲ ಅನ್ನುತ್ತೆ.’ ಫ್ಲಾಪಿ ಇರಲಿಲ್ಲ. ‘ಹಾಗಾದ್ರೆ ಕೇಳಿ. ಅದು ನಿಮ್ಮ ಫೈಲು ಕಾಣೆಯಾಗಿದೆ ಅಂತ ಹೇಳ್ತಿಲ್ಲ. ಎನ್‌ಟಿ ಲೋಡರ್ ಅಂತ ಒಂದು ಪುಟ್ಟ ಫೈಲು, 250 ಕೆ.ಬಿ.ಯಷ್ಟೂ ಇಲ್ಲ, ಅದು ಕಾಣ್ತಿಲ್ಲ ಅಂತ ಹೇಳ್ತಿದೆ.’

ಆಮೇಲೆ ಅವಳು ವಿವರಿಸಿದ್ದನ್ನು ನನಗೆ ತಿಳಿದಷ್ಟು ಹೇಳುತ್ತೇನೆ. ಸ್ವಿಚ್ಚು ಹಾಕಿದ ಕೂಡಲೇ ಯಂತ್ರಕ್ಕೆ ವಿಂಡೋಸ್ ಎಂಬುದೊಂದು ಇದೆ ಎಂದೇ ಗೊತ್ತಿರುವುದಿಲ್ಲ. ಬಯಾಸ್ ಎಂಬ ಹುಟ್ಟುಬುದ್ಧಿ ಮಾತ್ರ ಇರುತ್ತದೆ. ಅದು ತನ್ನ ಕೈಕಾಲು ಸರಿಯಿದೆಯೇ ಎಂದು ನೋಡಿಕೊಂಡು, ಡಿಸ್ಕಿನ ಮೊಟ್ಟಮೊದಲ 512 ಬೈಟುಗಳನ್ನು ಓದುತ್ತದೆ. ಅಲ್ಲಿಂದ ಸುಳಿವು ಹಿಡಿದು ಸಿ ಡ್ರೈವಿನ ಬಾಗಿಲಿಗೆ ಬರುತ್ತದೆ. ಬಾಗಿಲಲ್ಲಿ ಈ ಎನ್‌ಟಿಎಲ್‌ಡಿಆರ್ ನಿಂತಿರಬೇಕು. ಅದು ಒಂದು ಸಣ್ಣ ಚೀಟಿ ನೋಡಿ ವಿಂಡೋಸ್ ಯಾವ ಕೋಣೆಯಲ್ಲಿ ಮಲಗಿದೆ ಎಂದು ತಿಳಿದು, ಮತ್ತೊಬ್ಬನನ್ನು ಕರೆದು ಮನೆಯಲ್ಲಿ ಏನೇನು ಸಾಮಾನಿದೆ ಎಂದು ಲೆಕ್ಕ ತೆಗೆಸಿ, ವಿಂಡೋಸನ್ನು ಎಬ್ಬಿಸುತ್ತದೆ. ಎಬ್ಬಿಸಿದ ಮೇಲೆ ಮಾರನೆಯ ಬೆಳಗಿನವರೆಗೆ ಅದಕ್ಕೆ ಕೆಲಸವಿಲ್ಲ.

ಕೇಳುತ್ತಿದ್ದಂತೆ ನನಗೊಂದು ಹಳೆಯ ದಿನ ನೆನಪಾಯಿತು. 1978ರಲ್ಲಿ ನಾನೊಂದು ಏಕೋಪಾಧ್ಯಾಯ ಶಾಲೆಯಲ್ಲಿದ್ದೆ. ಶಾಲೆಯ ಬೀಗದ ಕೈ ಎದುರು ಮನೆಯ ಹೆಂಗಸಿನ ಹತ್ತಿರ ಇರುತ್ತಿತ್ತು. ಒಂದು ದಿನ ಆಕೆ ಸೆರಗಿನ ತುದಿಗೆ ಅದನ್ನು ಗಂಟು ಹಾಕಿಕೊಂಡೇ ತವರುಮನೆಗೆ ಹೋಗಿಬಿಟ್ಟಳು. ಅದೇ ದಿನ ಇನ್‌ಸ್ಪೆಕ್ಟರು ಬಂದರು. ಐವತ್ತು ಮಕ್ಕಳು ಅಂಗಳದಲ್ಲಿ, ನಾನು ಮೆಟ್ಟಿಲ ಮೇಲೆ. ಒಳಗೆ ಕರಿಹಲಗೆ, ಭೂಪಟ, ಹಾಜರಿ ಪುಸ್ತಕ ಎಲ್ಲವೂ ಇದ್ದಲ್ಲೇ ಇವೆ. ಆದರೆ ಶಾಲೆ ಮಾತ್ರ ಇಲ್ಲ! ಕೊನೆಗೆ ಪಕ್ಕದೂರಿನ ಶಾಲೆಗೆ ಒಬ್ಬ ಹುಡುಗನನ್ನು ಓಡಿಸಿದೆ. ಎರಡೂ ಬೀಗ ಒಂದೇ ಅಂಗಡಿಯಿಂದ ಒಂದೇ ದಿನ ಬಂದವು. ಆ ಕೈ ಇದಕ್ಕೂ ಹೊಂದಿತು. ಅವತ್ತು ಇನ್‌ಸ್ಪೆಕ್ಟರು ನನ್ನನ್ನು ಬೇಕಾದಷ್ಟು ಬೈದರು. ಆದರೆ ಬೀಗದ ಕೈ ಸಿಗುತ್ತಿಲ್ಲ, ಶಾಲೆಯನ್ನು ಕೆಡವಿ ಹೊಸದಾಗಿ ಕಟ್ಟೋಣ ಎಂದು ಅವರೂ ಹೇಳಲಿಲ್ಲ.

‘ಹಾಗಾದರೆ ಪಕ್ಕದೂರಿನ ಬೀಗದ ಕೈ ಎಲ್ಲಿದೆ ಮಗಾ?’ ಎಂದೆ. ಅವಳಿಗೆ ಅರ್ಥವಾಗಲಿಲ್ಲ. ಹೇಳಿದ ಮೇಲೆ ನಕ್ಕು, ‘ಎಕ್ಸ್‌ಪಿ ಸಿ.ಡಿ. ಇದೆಯಲ್ಲ ಮಾವ, ಅದರಲ್ಲಿ’ ಎಂದಳು.

ಮರುದಿನ ಬೆಳಿಗ್ಗೆ ಕೆಲಸ ಶುರುವಾಯಿತು. ನಮ್ಮೂರಿಗೆ ಆಗ ಮೊಬೈಲ್ ಬಂದಿರಲಿಲ್ಲ. ಫೋನು ಇದ್ದದ್ದು ಪಡಸಾಲೆಯಲ್ಲಿ, ಕಂಪ್ಯೂಟರು ಒಳಕೋಣೆಯಲ್ಲಿ. ಹಾಗಾಗಿ ಫೋನು ಹಿಡಿದು ನಿಂತವಳು ನನ್ನ ಹೆಂಡತಿ. ಮೈಸೂರಿನಿಂದ ಬಂದ ಮಾತನ್ನು ಅವಳು ಕೂಗಿ ಹೇಳಬೇಕು, ನಾನು ಕಂಡದ್ದನ್ನು ಕೂಗಬೇಕು, ಅವಳು ಅದನ್ನು ಮೈಸೂರಿಗೆ ದಾಟಿಸಬೇಕು. ಕಂಪ್ಯೂಟರನ್ನು ಮುಟ್ಟಿಯೂ ನೋಡದವಳು ಅವತ್ತು ಒಂದು ಗಂಟೆ ಹೊತ್ತು ಅದರ ಭಾಷೆ ಮಾತಾಡಿದಳು.

ಮೊದಲು ಡಿಲೀಟ್ ಕೀಲಿ ಒತ್ತಿ ಬಯಾಸಿಗೆ ಹೋಗಿ, ಡಿಸ್ಕು ಅಲ್ಲಿ ಕಾಣುತ್ತದೆಯೇ ಎಂದು ನೋಡಿದ್ದಾಯಿತು. ಕಂಡಿತು. ಸಿ.ಡಿ.ಯಿಂದ ಮೊದಲು ಶುರುವಾಗಲಿ ಎಂದು ಸರತಿ ಬದಲಿಸಿದ್ದಾಯಿತು. ಸಿ.ಡಿ. ತಿರುಗಿ ನೀಲಿ ಪರದೆ ಬಂತು. ಅಲ್ಲಿ ಮೂರು ದಾರಿ: ಹೊಸದಾಗಿ ಹಾಕಲು ಎಂಟರ್, ರಿಪೇರಿಗೆ ಆರ್, ಬಿಟ್ಟುಹೋಗಲು ಎಫ್3. ಪಡಸಾಲೆಯಿಂದ ‘ಎಂಟರ್...’ ಎಂಬ ಕೂಗು ಕೇಳಿತು. ನನ್ನ ಬೆರಳು ಎಂಟರಿನ ಮೇಲೆ ಹೋಗಿ ಕುಳಿತಿತು. ‘...ಮಾತ್ರ ಒತ್ತಬೇಡಿ ಅಂತಿದ್ದಾಳೆ!’ ಎಂದು ಮಿಕ್ಕ ಅರ್ಧ ಬಂತು. ಎದೆ ಸ್ಥಿಮಿತಕ್ಕೆ ಬರಲು ಒಂದು ಲೋಟ ನೀರು ಕುಡಿಯಬೇಕಾಯಿತು. ಆಮೇಲೆ ಆರ್ ಒತ್ತಿದೆ.

ಚಿತ್ರವಿಲ್ಲದ, ಮೌಸು ನಡೆಯದ ಕಪ್ಪು ಪರದೆ. ಯಾವ ವಿಂಡೋಸ್ ಎಂದು ಕೇಳಿತು, 1 ಎಂದೆ. ಗುಟ್ಟಿನ ಪದ ಕೇಳಿತು, ನಾವು ಇಟ್ಟೇ ಇರಲಿಲ್ಲ, ಬರಿದೇ ಎಂಟರ್ ಒತ್ತಿದೆ. ಸಿ ಡ್ರೈವಿನಲ್ಲಿ ಏನೇನಿದೆ ಎಂದು ಪಟ್ಟಿ ಕೇಳಲು ಡಿಐಆರ್ ಎಂದು ಬರೆಸಿದಳು. ಸಾಲುಗಳು ಬಂದವು. ‘ಡಾಕ್ಯುಮೆಂಟ್ಸ್ ಆ್ಯಂಡ್ ಸೆಟ್ಟಿಂಗ್ಸ್ ಅಂತ ಒಂದು ಕಾಣುತ್ತಾ ಅಂತ ಕೇಳ್ತಿದ್ದಾಳೆ’ ಎಂದು ಕೂಗು ಬಂತು. ಕಂಡಿತು. ಸ್ವಲ್ಪ ಹೊತ್ತು ಪಡಸಾಲೆಯಲ್ಲಿ ಸದ್ದಿಲ್ಲ. ಆಮೇಲೆ ನನ್ನ ಹೆಂಡತಿ ಕೂಗಲಿಲ್ಲ. ರಿಸೀವರು ಮೇಜಿನ ಮೇಲಿಟ್ಟು ಬಾಗಿಲಿನವರೆಗೆ ನಡೆದುಬಂದು ಮೆಲ್ಲಗೆ ಹೇಳಿದಳು: ‘ನಿಮ್ಮ ಫೈಲೆಲ್ಲ ಇರೋದು ಅದರೊಳಗೇ ಅಂತೆ. ಅಜ್ಜಿ ಮನೆಯೊಳಗೇ ಇದ್ದಾರಂತೆ.’

ಮುಂದಿನದು ಒಂದೇ ಸಾಲಿನ ಆಜ್ಞೆ. ಸಿ.ಡಿ.ಯ ಐ386 ಎಂಬ ಕೋಣೆಯಿಂದ ಆ ಫೈಲನ್ನು ಸಿ ಡ್ರೈವಿಗೆ ನಕಲು ಮಾಡು ಎಂದು. ನಡುವೆ ಬರುವ ಗೀಟು ಯಾವ ಕಡೆ ವಾಲಬೇಕು ಎಂಬುದರಲ್ಲೇ ಐದು ನಿಮಿಷ ಹೋಯಿತು. ನಾನು ಮುಂದಕ್ಕೆ ವಾಲಿದ್ದನ್ನು ಒತ್ತಿದೆ, ಅದು ಇಲ್ಲವೆಂದಿತು. ‘ಹಿಂದಕ್ಕೆ ವಾಲಿದ್ದಂತೆ, ಗೋಡೆಗೆ ಒರಗಿಸಿಟ್ಟ ದೋಟಿ ಹಾಗೆ!’ ಎಂದು ಹೆಂಡತಿ ತನ್ನದೇ ಉಪಮೆ ಸೇರಿಸಿದಳು. ಒತ್ತಿದೆ. ಒಂದು ಫೈಲು ನಕಲಾಯಿತು ಎಂಬ ಉತ್ತರ ಬಂತು. ಅದರ ಜೊತೆಗಾರ ಎನ್‌ಟಿಡಿಟೆಕ್ಟ್ ಎಂಬ, ಸಾಮಾನಿನ ಲೆಕ್ಕ ತೆಗೆಯುವವನನ್ನೂ ಹಾಗೆಯೇ ತರಿಸಿದ್ದಾಯಿತು. ಸಿ.ಡಿ. ಹೊರತೆಗೆದು ಯಂತ್ರವನ್ನು ಮತ್ತೆ ಶುರುಮಾಡಿದೆ.

ಕಪ್ಪು ಪರದೆಯ ಮೇಲೆ ಮತ್ತೊಂದು ಸಾಲು ಮೂಡಿತು: ‘ಇನ್‌ವ್ಯಾಲಿಡ್ ಬೂಟ್ ಡಾಟ್ ಐಎನ್ಐ ಫೈಲ್.’ ಜೀವ ಬಾಯಿಗೆ ಬಂತು. ಆದರೆ ಅದು ನಿಲ್ಲಲಿಲ್ಲ. ‘ಬೂಟಿಂಗ್ ಫ್ರಮ್ ಸಿ ವಿಂಡೋಸ್’ ಎಂದು ತಾನೇ ದಾರಿ ಹುಡುಕಿಕೊಂಡು ಮುಂದೆ ಹೋಯಿತು. ಬಣ್ಣದ ಬಾವುಟ ಬಂತು. ಹಸಿರು ಗುಡ್ಡ, ನೀಲಿ ಆಕಾಶ ಬಂತು. ಮೈ ಡಾಕ್ಯುಮೆಂಟ್ಸ್ ತೆರೆದೆ. ಅಜ್ಜಿ ಜಗಲಿಯ ಮೇಲೆ ಕುಳಿತು ಮಣ್ಣಿನಲ್ಲಿ ಬರೆಯುತ್ತಿದ್ದಳು.

ಈಗ ನಾನೇ ಪಡಸಾಲೆಗೆ ಓಡಿಬಂದು ಫೋನು ತೆಗೆದುಕೊಂಡೆ. ನಡುವೆ ಬಂದ ಸಾಲನ್ನು ಹೇಳಿದಾಗ ಆ ಹುಡುಗಿ ಸ್ವಲ್ಪ ಹೊತ್ತು ಸುಮ್ಮನಿದ್ದಳು.

‘ಮಾವ, ಲೋಡರ್ ಇರಲಿಲ್ಲ. ಈಗ ನೋಡಿದ್ರೆ ಬೂಟ್ ಡಾಟ್ ಐಎನ್ಐನೂ ಇಲ್ಲ ಅಂತ ಕಾಣುತ್ತೆ. ಅದೇ ಆ ಚೀಟಿ. ಒಂದು ಫೈಲು ತಾನಾಗಿ ಕೆಡಬಹುದು. ಎರಡೆರಡು ಒಟ್ಟಿಗೆ ಎದ್ದು ಹೋಗಲ್ಲ. ನೀವೇನಾದ್ರೂ ಅಳಿಸಿದ್ರಾ?’

ಆಗ ನನಗೆ ಮದುವೆಯ ಹಿಂದಿನ ಸಂಜೆ ನೆನಪಾಯಿತು. ವೈರಸ್ಸು ತೆಗೆಯಲು ಬಂದ ಹುಡುಗ ಬಚ್ಚಿಟ್ಟ ಫೈಲುಗಳೆಲ್ಲ ಕಾಣುವಂತೆ ಮಾಡಿದ್ದ, ಹಾಗೆಯೇ ಬಿಟ್ಟುಹೋಗಿದ್ದ. ಸಿ ಡ್ರೈವ್ ತೆರೆದರೆ ಅಂಗಳದಲ್ಲೇ ಮಸುಕುಮಸುಕಾಗಿ ಐದಾರು ಫೈಲು ಬಿದ್ದಿದ್ದವು. ಹೆಸರು ಓದಲು ಬರುವಂತಿರಲಿಲ್ಲ. ತೆರೆದರೆ ತೆರೆಯುತ್ತಿರಲಿಲ್ಲ. ಯಾರು, ಎಲ್ಲಿಂದ ಬಂದರು ಗೊತ್ತಿಲ್ಲ. ವೈರಸ್ಸಿನ ಮರಿಗಳೇ ಇರಬೇಕೆಂದು ತೀರ್ಮಾನಿಸಿದೆ. ಅಳಿಸುವಾಗ ಅದು ಎಚ್ಚರಿಕೆಯನ್ನೂ ಕೊಟ್ಟಿತ್ತು, ಇದನ್ನು ತೆಗೆದರೆ ಕಂಪ್ಯೂಟರ್ ನಡೆಯದೆ ಹೋಗಬಹುದು ಎಂದು. ಓದದೆ ಎಸ್ ಎಂದಿದ್ದೆ. ಅಳಿಸಿದ ಮೇಲೆ ಅರ್ಧ ಗಂಟೆ ಯಂತ್ರ ಚೆನ್ನಾಗಿಯೇ ನಡೆಯಿತು. ಬಾಗಿಲು ತೆರೆದಿದ್ದಾಗ ಬೀಗದ ಕೈ ಕಳೆದದ್ದು ಯಾರಿಗೆ ತಿಳಿಯುತ್ತದೆ?

‘ಹೌದು ಮಗಾ, ನಾನೇ’ ಎಂದೆ. ಅವಳು ಬೈಯಲಿಲ್ಲ. ಕಳೆದುಹೋದ ಚೀಟಿಯನ್ನೂ ಹೇಳಿ ಬರೆಸಿದಳು. ಆಮೇಲೆ, ‘ಇವತ್ತೇ ಎಲ್ಲದನ್ನೂ ಸಿ.ಡಿ.ಗೆ ಹಾಕಿ, ಒಂದು ಪ್ರತಿ ಮುದ್ರಿಸಿ ಇಡಿ. ಕಾಗದಕ್ಕೆ ಯಾವ ಲೋಡರೂ ಬೇಡ’ ಎಂದಳು.

ಆ ಮಾತು ಅವಳಿಗೆ ಸಹಜವಾಗಿ ಬಂದಿತ್ತು. ನನಗೆ ನಾಟಿತು. ಅದಕ್ಕಿಂತ ಹೆಚ್ಚು ನಾಟಿದ್ದು ಬೇರೊಂದು. ಫಾರ್ಮ್ಯಾಟ್ ಎಂದ ಆ ಅಂಗಡಿಯ ಹುಡುಗನನ್ನು ನಾನು ಬಸ್ಸಿನುದ್ದಕ್ಕೂ ಮನಸ್ಸಿನಲ್ಲೇ ಬೈದುಕೊಂಡಿದ್ದೆ. ಆದರೆ ಅರವತ್ತು ಮಕ್ಕಳ ತರಗತಿಯಲ್ಲಿ ನಾನು ಮಾಡಿದ್ದೇನು? ಲೆಕ್ಕದ ಉತ್ತರ ತಪ್ಪಿದರೆ ಪುಟಕ್ಕೆ ಅಡ್ಡಗೀಟು ಎಳೆದು, ‘ಎಲ್ಲ ಹೊಡೆದುಹಾಕಿ ಮೊದಲಿಂದ ಮಾಡು’ ಎನ್ನುತ್ತಿದ್ದೆ. ಆರು ಹಂತದಲ್ಲಿ ಐದು ಸರಿಯಿದ್ದು, ಒಂದು ಕಡೆ ದಶಕ ಮರೆತಿರುತ್ತಿದ್ದ ಅಷ್ಟೇ. ಯಾವುದು ಕಾಣೆಯಾಗಿದೆ ಎಂದು ನೋಡಲು ನನಗೆ ಪುರಸೊತ್ತಿರಲಿಲ್ಲ. ಹಾಗೆ ಎಷ್ಟು ಮಕ್ಕಳ ಸರಿ ಇದ್ದ ಐದು ಹಂತಗಳನ್ನು ಅಳಿಸಿಹಾಕಿದೆನೋ, ಅವರಲ್ಲಿ ಎಷ್ಟು ಜನ ಲೆಕ್ಕವೇ ತಮಗೆ ಬರುವುದಿಲ್ಲ ಎಂದುಕೊಂಡು ಶಾಲೆ ಬಿಟ್ಟರೋ! ಅವರನ್ನು ವಾಪಸು ತರುವ ಸಿ.ಡಿ. ಯಾವ ಅಂಗಡಿಯಲ್ಲೂ ಸಿಗುವುದಿಲ್ಲ.

ಅಜ್ಜಿಯ ಮಗಳಿಗೆ ಹೇಳಿದ ವಾರದೊಳಗೇ ಮುದ್ರಿಸಿದ ಹಾಳೆಗಳನ್ನು ತಲುಪಿಸಿದೆ. ನಡೆದದ್ದನ್ನೂ ಹೇಳಿದೆ, ಬಚ್ಚಲೊಲೆಯ ಸಹಿತ. ಅವರು ಜಗಲಿಯಲ್ಲೇ ನಿಂತು ಓದಿದರು. ‘ಎಲೆ ಅಡಿಕೆ ತಿನ್ನದ ಮೇಷ್ಟ್ರಾಗಿದ್ದರೆ’ ಎಂಬಲ್ಲಿ ನಕ್ಕರು, ನಗುತ್ತಲೇ ಕಣ್ಣೊರೆಸಿಕೊಂಡರು. ಡಿಸೆಂಬರಿನಲ್ಲಿ ಸಂಚಿಕೆ ಬಿಡುಗಡೆಯಾಯಿತು. ಅದರ ಮೊದಲ ಲೇಖನ ಅಜ್ಜಿಯದು.

ಈಗ ಆ ಯಂತ್ರವೂ ಇಲ್ಲ. 2007ರಲ್ಲಿ ಬಂದ ವಿಂಡೋಸ್ ವಿಸ್ಟಾದಿಂದ ಈಚೆಗೆ ಬಾಗಿಲು ಕಾಯುವವನ ಹೆಸರು ಬೂಟ್‌ಎಂಜಿಆರ್ ಎಂದಾಯಿತು. ಎಕ್ಸ್‌ಪಿಯನ್ನು ಅದರ ತಯಾರಕರೇ 2014ರ ಏಪ್ರಿಲ್ 8ರಂದು ಕೈಬಿಟ್ಟರು. ಕೆಲವು ವರ್ಷಗಳ ಹಿಂದೆ ಆ ಹಳೆಯ ಸಿ.ಡಿ.ಯನ್ನು ಮೊಮ್ಮಗನ ಕಂಪ್ಯೂಟರಿನಲ್ಲಿ ತೆರೆಸಿದಾಗ ಅಜ್ಜಿಯ ಮಾತಿನ ಜಾಗದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ತುಂಬಿದ್ದವು. ‘ಫೈಲ್ ಹಾಳಾಗಿದೆ ಅಜ್ಜ, ಡಿಲೀಟ್ ಮಾಡ್ಲಾ?’ ಎಂದ. ನಾನು ಅವನ ಕೈ ಹಿಡಿದುಕೊಂಡೆ. ಹಾಳಾಗಿರಲಿಲ್ಲ. ಹಳೆಯ ‘ನುಡಿ’ಯ ಅಕ್ಷರಶೈಲಿ ಆ ಯಂತ್ರದಲ್ಲಿರಲಿಲ್ಲ, ಅಷ್ಟೆ. ಎಲ್ಲವನ್ನೂ ಯೂನಿಕೋಡಿಗೆ ಬದಲಿಸಿಕೊಂಡೆವು. ಮತ್ತೆ ಅದೇ ಬೀಗದ ಕೈಯ ಕಥೆ.

ಅಂದಿನಿಂದ ನಮ್ಮ ಮನೆಯಲ್ಲೊಂದು ಪದ್ಧತಿ ಉಳಿದುಕೊಂಡಿದೆ. ಬಚ್ಚಲೊಲೆಗೆ ಬೆಂಕಿ ಹಾಕುವ ಮೊದಲು ನನ್ನ ಹೆಂಡತಿ ಬುಟ್ಟಿಯ ಕಾಗದಗಳನ್ನು ತಂದು ನನ್ನ ಮುಂದೆ ಹಿಡಿಯುತ್ತಾಳೆ. ‘ಇದರಲ್ಲಿ ಯಾರಾದರೂ ಇದ್ದಾರಾ, ನೋಡಿ’ ಎನ್ನುತ್ತಾಳೆ. ನಾನು ಕನ್ನಡಕ ಹಾಕಿಕೊಂಡು, ಒಂದೊಂದನ್ನೇ ಓದುತ್ತೇನೆ. ನೀರು ಕಾಯುವುದು ಸ್ವಲ್ಪ ತಡವಾಗುತ್ತದೆ.